ಕೃಷ್ಣಪ್ಪನವರ ರಾಮಮಂದಿರದಲ್ಲಿ ಒಂದು ಸಂಜೆ ಮೈಕ್ ಆರಿಸಿ

ನಮಸ್ಕಾರ. ಮೊನ್ನೆ ಮೈಸೂರಿನಲ್ಲಿ ಗಾಯಕ ಬಿಡಾರಂ ಕೃಷ್ಣಪ್ಪನವರ ಪ್ರಸನ್ನ ಸೀತಾರಾಮ ಮಂದಿರಕ್ಕೆ ಹೋಗಿದ್ದೆ. ಬೇಕೆಂದೇ ಕಛೇರಿ ಇಲ್ಲದ ಹೊತ್ತು ನೋಡಿಕೊಂಡು ಹೋದೆ. ಅಲ್ಲಿನ ನಾದದ ಬಗ್ಗೆ ಮೈಸೂರಿನ ಹಿರಿಯರು ಹೇಳೋದನ್ನ ಚಿಕ್ಕಂದಿನಿಂದ ಕೇಳಿದೀನಿ. ಆದರೆ ನಾನು ಅಲ್ಲಿ ಇದುವರೆಗೆ ಕೇಳಿದ್ದು ಸ್ಪೀಕರ್ ದನಿಯನ್ನೇ.

ತಂಗಿಯನ್ನ ಮುಂದೆ ಕೂರಿಸಿ, ನಾನು ಹಿಂದೆ ಬಾಗಿಲ ಹತ್ತಿರ ನಿಂತೆ. 'ಒಂದು ದೇವರನಾಮ ಹಾಡು, ಜೋರಾಗಿ ಬೇಡ' ಅಂದೆ. ಅಡುಗೆಮನೆಯಲ್ಲಿ ಗುನುಗಿಕೊಳ್ಳುವಷ್ಟೇ ದನಿಯಲ್ಲಿ ಹಾಡಿದಳು. ಒಂದೊಂದು ಅಕ್ಷರವೂ ನನ್ನ ತನಕ ಬಂತು. ಚರಣಕ್ಕೆ ಹೋಗುವ ಮುಂಚೆ ಅವಳು ಉಸಿರು ಎಳೆದುಕೊಂಡಿದ್ದೂ ಕೇಳಿಸಿತು. ನನಗೆ ಕಣ್ಣು ತುಂಬಿ ಬಂತು.

ಇದು ಒಬ್ಬ ಗಾಯಕರು ಕಟ್ಟಿಸಿದ ಜಾಗ ಅನ್ನೋದನ್ನ ಮರೀಬಾರದು. ಕೃಷ್ಣಪ್ಪನವರು 1866ರಲ್ಲಿ ನಂದಳಿಕೆಯಲ್ಲಿ ಹುಟ್ಟಿ ಮೈಸೂರಿನ ಆಸ್ಥಾನ ವಿದ್ವಾಂಸರಾದವರು. ಕಛೇರಿಯಲ್ಲಿ ಕನ್ನಡದ ದೇವರನಾಮಕ್ಕೆ ಗೌರವದ ಜಾಗ ಕೊಟ್ಟವರು. ಸಾಹಿತ್ಯ ಕಿವಿಗೆ ಬಿಡಿಬಿಡಿಯಾಗಿ ಬೀಳಬೇಕಾದರೆ ದನಿ ಹಾಲ್‌ನಲ್ಲಿ ತುಂಬ ಹೊತ್ತು ಸುತ್ತಾಡಬಾರದು. ಪಾಶ್ಚಾತ್ಯ ವಾದ್ಯವೃಂದಕ್ಕೆ ಎರಡು ಸೆಕೆಂಡಿನಷ್ಟು ಅನುರಣನ, ಅಂದರೆ ದನಿ ನಿಂತ ಮೇಲೂ ಉಳಿಯುವ ಗುಂಗು, ಚೆನ್ನ ಅಂತಾರೆ. ಅದೇ ಹಾಲ್‌ನಲ್ಲಿ ಮೃದಂಗವನ್ನ ಒಂಟಿಯಾಗಿ, ತನಿ ನುಡಿಸಿ ನೋಡಿ, ಅದರ ಸೊಲ್ಲುಗಳೆಲ್ಲ ಕಲಸಿಹೋಗುತ್ತವೆ.

ಇದನ್ನ ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಭೌತವಿಜ್ಞಾನಿ ವಾಲೇಸ್ ಸಬೈನ್. ಹಾರ್ವರ್ಡ್‌ನ ಒಂದು ಉಪನ್ಯಾಸದ ಹಾಲ್‌ನಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಬೇರೆ ರಂಗಮಂದಿರದ ಸೀಟಿನ ಮೆತ್ತೆಗಳನ್ನ ರಾತ್ರಿ ಹೊತ್ತು ತಂದು ಹರಡಿ, ಒಂದೊಂದು ಮೆತ್ತೆ ಎಷ್ಟು ಸದ್ದು ಹೀರುತ್ತೆ ಅಂತ ಅಳೆದರು. ಮನುಷ್ಯರ ಮೈಯೂ ಹಾಗೇ ಹೀರುತ್ತೆ. ಅಂದರೆ ಕಿಕ್ಕಿರಿದು ಕೂತ ನಾವೂ ಆ ಹಾಲ್‌ನ ಒಂದು ಭಾಗ.

ಸಬೈನ್ ಆ ಕೆಲಸಕ್ಕೆ ಕೈಹಾಕಿದ 1895ರಲ್ಲೇ ನಮ್ಮ ತಿರುಮಕೂಡಲಿನಲ್ಲಿ ಪಿಟೀಲು ವಿದ್ವಾಂಸ ಚೌಡಯ್ಯನವರು ಹುಟ್ಟಿದ್ದು. ಇದೇ ಕೃಷ್ಣಪ್ಪನವರ ಶಿಷ್ಯ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೆ ಪಿಟೀಲು ಕೇಳಿಸಲ್ಲ ಅಂತ ಗೊತ್ತಾದಾಗ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ಏಳು ತಂತಿಯನ್ನ ಶ್ರುತಿಯಲ್ಲಿ ಹಿಡಿದು, ಕಮಾನು ಒತ್ತಿ ನುಡಿಸೋದು ಎಂಥ ಸಾಧನೆ! ಹಿಂದೆ ಕೂತವನೂ ಕೇಳಲಿ ಅನ್ನೋ ಕಾಳಜಿಗೆ ಅವರು ವಾದ್ಯವನ್ನೇ ಬದಲಾಯಿಸಿದರು.

ಈಗ ನಾವು ವಾಲ್ಯೂಮ್ ತಿರುಗಿಸಿಬಿಡ್ತೀವಿ. ಹೋದ ವರ್ಷ ಊರಿನ ಒಂದು ಸಭೆಯಲ್ಲಿ ವೀಣೆ ಕೇಳೋಕೆ ಹೋಗಿದ್ದೆ. ಮುನ್ನೂರು ಜನ ಹಿಡಿಸದ ಹಾಲ್‌ಗೆ ನಾಲ್ಕು ದೊಡ್ಡ ಸ್ಪೀಕರ್. ಮೀಟು ಸಿಡಿಲಿನ ಹಾಗೆ ಹೊಡೀತಿತ್ತು. ಮೀಟಿದ ಮೇಲೆ ತಂತಿಯನ್ನ ಎಳೆದು ಸ್ವರವನ್ನ ಬಾಗಿಸ್ತಾರಲ್ಲ, ಆ ಸಣ್ಣಗೆ ಕರಗುವ ನಾದ ಮೃದಂಗದ ಮೈಕಿನಲ್ಲಿ ಮುಚ್ಚಿಹೋಯಿತು. ವೀಣೆ ಶೇಷಣ್ಣನವರ ಊರು ಇದು. ವೀಣೆಯ ಜೀವ ಇರೋದೇ ಆ ಕರಗುವಿಕೆಯಲ್ಲಿ. ಅದು ಹೋದರೆ ಉಳಿಯೋದು ಬರೀ ಸದ್ದು.

ಅರಮನೆ ಮುಂದಿನ ದಸರಾ ವೇದಿಕೆಗೆ ಮೈಕ್ ಬೇಡ ಅಂತ ನಾನು ಹೇಳಲ್ಲ. ಅದು ಬಯಲು, ಸಾವಿರಾರು ಜನ. ಆದರೆ ಕೃಷ್ಣಪ್ಪನವರ ಮಂದಿರದಲ್ಲಿ ವರ್ಷಕ್ಕೆ ಒಂದೇ ಒಂದು ಸಂಜೆ, ರಾಮನವಮಿಯ ಕಛೇರಿಗಳ ನಡುವೆ, ಎಲ್ಲ ಮೈಕೂ ತೆಗೆದಿಟ್ಟು ಒಬ್ಬರು ಹಾಡಲಿ. ಮೃದಂಗದವರು ಕೈ ಸ್ವಲ್ಪ ಹಗುರ ಮಾಡಲಿ. ಮೊದಲ ಹತ್ತು ನಿಮಿಷ ನಮಗೆ ಏನೋ ಕಮ್ಮಿ ಅನ್ನಿಸುತ್ತೆ, ಆಮೇಲೆ ಕಿವಿ ತಾನೇ ತೆರೆದುಕೊಳ್ಳುತ್ತೆ.

ಫ್ಯಾನನ್ನೂ ಆರಿಸಬೇಕಾಗುತ್ತೆ, ಚೈತ್ರದ ಸೆಕೆ ಬೇರೆ. ಇರಲಿ. ನಾನು ಬೀಸಣಿಗೆ ಹಿಡಿದುಕೊಂಡು ಬರ್ತೀನಿ, ಮೊನ್ನೆ ನಿಂತಿದ್ದ ಆ ಬಾಗಿಲ ಹತ್ತಿರವೇ ಕೂರ್ತೀನಿ.