ಅಂಗೈಗೆ ಉಗುಳಿ ಮುಗಿಸುತ್ತಿದ್ದ ವ್ಯಾಪಾರ

ಕೇಳುಗರಿಗೆ ನಮಸ್ಕಾರ. ಇವತ್ತು ಐರ್ಲೆಂಡಿನ ಹಳೇ ಕಾಲದ ದನದ ಸಂತೆಗೆ ಹೋಗಿ ಬರೋಣ. ಬೇಗ ಏಳಬೇಕು, ಯಾಕಂದ್ರೆ ಅಲ್ಲಿನ ರೈತ ಕತ್ತಲಲ್ಲೇ ದನ ಹೊಡೆದುಕೊಂಡು ಮೈಲಿಗಟ್ಟಲೆ ನಡೆದು ಪೇಟೆ ಸೇರುತ್ತಿದ್ದ. ಎಷ್ಟೋ ಊರುಗಳಲ್ಲಿ ಪೇಟೆಬೀದಿಯೇ ಸಂತೆ. ದನ ಗುದ್ದಿ ಗಾಜು ಒಡೆಯಬಾರದೆಂದು ಅಂಗಡಿಯವರು ಕಿಟಕಿಗಳಿಗೆ ಹಲಗೆ ಅಡ್ಡ ಕಟ್ಟುತ್ತಿದ್ದರು. ಸಗಣಿಯ ಮಾತು ಬಿಡಿ.

ಮಾರುವವನು ಬೆಲೆಯನ್ನು ಆಕಾಶಕ್ಕೇರಿಸುತ್ತಿದ್ದ, ಕೊಳ್ಳುವವನು ಪಾತಾಳಕ್ಕಿಳಿಸಿ, ಸಿಟ್ಟು ಬಂದವನ ಹಾಗೆ ಹೊರಟೇಬಿಡುತ್ತಿದ್ದ. ಆಗ ನಡುವೆ ನುಗ್ಗುವವನು ದಲ್ಲಾಳಿ. ಅವನಿಗೆ ಅಲ್ಲಿ ಟ್ಯಾಂಗ್ಲರ್ ಅಂತಾರೆ. ಹೊರಟವನ ತೋಳು ಹಿಡಿದು ಎಳೆತಂದು, ಇಬ್ಬರ ಕೈಯನ್ನೂ ಬಲವಂತವಾಗಿ ಸೇರಿಸಿ, ನಿನ್ನದೂ ಬೇಡ ಅವನದೂ ಬೇಡ, ನಡುವಿನ ರೇಟಿಗೆ ಮುಗಿಸಿ ಅಂತ ಹಟ ಹಿಡಿಯುತ್ತಿದ್ದ. ಒಪ್ಪಿದರೆ ಅಂಗೈಗೆ ಉಗುಳಿಕೊಂಡು ಚಟಾರ್ ಅಂತ ಕೈಗೆ ಕೈ ಹೊಡೆಯುವುದು, ಅಷ್ಟೇ. ಕಾಗದವಿಲ್ಲ, ರುಜುವಿಲ್ಲ. ದನದ ಮೈಗೆ ಒಂದಿಷ್ಟು ಕೆಸರು ಬಳಿದರೆ ಮಾರಾಟವಾಯಿತು ಅಂತ ಗುರುತು.

ಆಮೇಲೆ ಲಕ್ ಪೆನ್ನಿ. ದುಡ್ಡು ಎಣಿಸಿಕೊಂಡ ಮೇಲೆ ಮಾರಿದವನೇ ಅದರಲ್ಲಿ ಸ್ವಲ್ಪ ತೆಗೆದು, ಕೊಂಡವನಿಗೆ ಒಳ್ಳೆಯದಾಗಲಿ ಅಂತ ವಾಪಸ್ ಕೊಡಬೇಕು. ಅದರ ಮೇಲೂ ಚೌಕಾಸಿ!

ನನಗೆ ಮಾತ್ರ ಈ ಗಂಡಸರ ಗಲಾಟೆಗಿಂತ ಹೆಂಗಸರ ಮೊಟ್ಟೆ ಬುಟ್ಟಿಯೇ ಜಾಸ್ತಿ ಇಷ್ಟ. ದನ, ಹಂದಿ ಮಾರಿದ ದುಡ್ಡು ಜಮೀನ್ದಾರನ ಗೇಣಿಗೆ ಹೋಗುತ್ತಿತ್ತು. ಅದಕ್ಕೇ ಹಂದಿಯನ್ನು ತಮಾಷೆಗೆ 'ಗೇಣಿ ಕಟ್ಟುವ ಯಜಮಾನರು' ಅನ್ನುತ್ತಿದ್ದರು. ಆದರೆ ಚಹಾಪುಡಿ, ಸಕ್ಕರೆ ಬರುತ್ತಿದ್ದದ್ದು ಹೆಂಗಸರು ಕೂಡಿಟ್ಟ ಮೊಟ್ಟೆ, ಕಡೆದ ಬೆಣ್ಣೆಯಿಂದ. ಅದನ್ನು ಅಂಗಡಿಗೆ ಕೊಟ್ಟು ಸಾಮಾನು ತರುವುದು. ಮೊಟ್ಟೆಗೆ ಬೆಲೆ ಕಟ್ಟುವವನೂ ಅಂಗಡಿಯವನೇ, ಸಕ್ಕರೆಗೆ ಬೆಲೆ ಹೇಳುವವನೂ ಅವನೇ, ಇನ್ನು ತಕ್ಕಡಿ ಯಾರ ಕಡೆ ವಾಲುತ್ತೆ ಹೇಳಿ! ಮೊಟ್ಟೆ ಸಾಲದಿದ್ದರೆ ಉದ್ರಿ ಲೆಕ್ಕ, ಮುಂದಿನ ಸಂತೆವರೆಗೆ. ಹೀಗೆ ಸಾಲ ಕೊಟ್ಟು ಊರನ್ನೇ ಹಿಡಿತಕ್ಕೆ ತಂದುಕೊಂಡವನಿಗೆ ಗೊಂಬೀನ್ ಮ್ಯಾನ್ ಅನ್ನುತ್ತಿದ್ದರು. ಇವತ್ತಿಗೂ ಅದು ಅಲ್ಲಿ ಬೈಗುಳವೇ.

1950ರ ದಶಕದಿಂದ ಈಚೆಗೆ ತೂಕದ ಯಂತ್ರ, ಹರಾಜು ಇರುವ ಜಾನುವಾರು ಮಾರುಕಟ್ಟೆಗಳು ಬಂದವು, ಬೀದಿ ಸಂತೆ ಕರಗಿತು. ಆದರೆ ಗಾಲ್ವೇ ಕೌಂಟಿಯ ಬ್ಯಾಲಿನಸ್ಲೋ ಊರಲ್ಲಿ ಕುದುರೆ ಸಂತೆ ಈಗಲೂ ಅಕ್ಟೋಬರಿನಲ್ಲಿ ಸೇರುತ್ತದೆ. ಹೋದರೆ ಕೈ ಹೊಡೆಯುವ ಸದ್ದು ಕೇಳಿಸೀತು.