ಸುಮ್ನೆ ಅಡ್ಡಾಡಿದರೆ ತಪ್ಪೇನು?

ಸ್ಟ್ರೋಲ್, ಸಾಂಟರ್, ರ‍್ಯಾಂಬಲ್, ರೋಮ್, ವಾಂಡರ್. ಸುಮ್ನೆ ಅಡ್ಡಾಡೋದಕ್ಕೆ ಇಂಗ್ಲಿಷ್‌ನಲ್ಲಿ ಎಷ್ಟೊಂದು ಪದ ನೋಡಿ. ಕೇಳೋಕೂ ಚೆಂದ. ಆದರೆ ಬೀದಿ ಅಲೆಯುವವರನ್ನು ಹೀಗಳೆಯುವ ಟ್ರ್ಯಾಂಪ್, ಲಾಯ್ಟರ್, ವೇಗ್ರಂಟ್ ಕೂಡ ಅದೇ ಸಾಲಿನವು. ಸಂಜೆ ಊಟ ಮುಗಿಸಿ ಸಾಹೇಬರು ಪಾರ್ಕಿನಲ್ಲಿ ಸುತ್ತು ಹಾಕಿದರೆ ಸ್ಟ್ರೋಲ್, ಮನೆ ಇಲ್ಲದವನು ಅದೇ ಪಾರ್ಕಿನಲ್ಲಿ ಅಷ್ಟೇ ಹೊತ್ತು ಸುತ್ತಿದರೆ ಲಾಯ್ಟರಿಂಗ್. ಎರಡೂ ನಡಿಗೆಯೇ ಅಲ್ವಾ?

ಇದು ಮಾತಿನಲ್ಲಷ್ಟೇ ಉಳಿದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕಾನೂನಿಗೂ ಇಳಿದುಬಿಟ್ಟಿದೆ.

1824. ಇಂಗ್ಲೆಂಡಿನಲ್ಲಿ ವೇಗ್ರನ್ಸಿ ಆ್ಯಕ್ಟ್, ಅಂದರೆ ಬೀದಿ ಅಲೆಯುವವರನ್ನು ಶಿಕ್ಷಿಸುವ ಕಾಯ್ದೆ ಬಂತು. ನೆಪೋಲಿಯನ್ ವಿರುದ್ಧ ಕಾದಾಡಿ ವಾಪಸ್ ಬಂದ ಎಷ್ಟೋ ಸೈನಿಕರು ಕೆಲಸವಿಲ್ಲದೆ, ಸೂರಿಲ್ಲದೆ ಬೀದಿಗೆ ಬಿದ್ದಿದ್ದ ಕಾಲ ಅದು. ಅದರ 4ನೇ ಸೆಕ್ಷನ್ ಓದಿದರೆ ಹೊಟ್ಟೆ ಉರಿಯುತ್ತದೆ. ಊರೂರು ಅಲೆಯುತ್ತಾ ಕೊಟ್ಟಿಗೆಯಲ್ಲೋ, ಡೇರೆಯಲ್ಲೋ, ಗಾಡಿಯೊಳಗೋ, ಬಯಲಲ್ಲೋ ಮಲಗಿದವನಿಗೆ ಕಣ್ಣಿಗೆ ಕಾಣುವ ಜೀವನೋಪಾಯ ಇಲ್ಲದಿದ್ದರೆ, ಯಾಕೆ ಇಲ್ಲಿದ್ದೀಯ ಅಂದಾಗ ಒಪ್ಪುವಂಥ ಉತ್ತರ ಕೊಡದಿದ್ದರೆ, ಅವನು ಅಪರಾಧಿ. ಮೂರು ತಿಂಗಳವರೆಗೆ ಕಠಿಣ ದುಡಿಮೆಯ ಶಿಕ್ಷೆ. ಕದ್ದಿರಬೇಕು ಅಂತಿಲ್ಲ, ಹೊಡೆದಿರಬೇಕು ಅಂತಿಲ್ಲ. 1970ರ ದಶಕದಲ್ಲಿ ಲಂಡನ್ ಪೊಲೀಸರು ಬೀದಿಯಲ್ಲಿ ಕಪ್ಪು ಹುಡುಗರನ್ನು ಬರೀ ಅನುಮಾನದ ಮೇಲೆ ಹಿಡಿಯುತ್ತಿದ್ದದ್ದೂ ಇದೇ ಸೆಕ್ಷನ್ನಿನ ಬಲದಿಂದ. ಆ ಭಾಗ ಹೋಗಿದ್ದು 1981ರಲ್ಲಿ.

ಅದೇ ಬುದ್ಧಿ ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ (ಅಪರಾಧಿ ಬುಡಕಟ್ಟುಗಳ ಕಾಯ್ದೆ) ಅಲೆಮಾರಿ ಸಮುದಾಯಗಳನ್ನೇ ಹುಟ್ಟು ಕಳ್ಳರೆಂದು ಪಟ್ಟಿ ಮಾಡಿತು. ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿ ಅಂಥ ಕುಟುಂಬಗಳನ್ನು ಬೇಲಿಯೊಳಗೆ ಇಟ್ಟು ಹಾಜರಿ ಹಾಕಿಸಿದರು. 1952ರಲ್ಲಿ ಆ ಕಾಯ್ದೆ ಹೋಯಿತು, ಹೆಸರಿಗೆ ಅಂಟಿದ ಕಳಂಕ ಹೋಗಿಲ್ಲ.

ಬ್ರಿಟಿಷರ ಮೇಲೆ ಎಲ್ಲವನ್ನೂ ಹಾಕಿ ಕೈ ತೊಳೆದುಕೊಳ್ಳೋಕೂ ಆಗಲ್ಲ. ಬಾಂಬೆಯ ಭಿಕ್ಷಾಟನೆ ತಡೆ ಕಾಯ್ದೆ 1959ರದ್ದು, ನಾವೇ ಮಾಡಿಕೊಂಡಿದ್ದು. ಅದರಲ್ಲೂ 'ಕಣ್ಣಿಗೆ ಕಾಣುವ ಜೀವನೋಪಾಯ ಇಲ್ಲದೆ' ಸಾರ್ವಜನಿಕ ಜಾಗದಲ್ಲಿ ಅಲೆಯುವವನನ್ನು ಭಿಕ್ಷುಕ ಅಂತ ಹಿಡಿಯಬಹುದು. 135 ವರ್ಷ ಕಳೆದರೂ ಅದೇ ಸಾಲು! ಕೈ ಚಾಚಲೇಬೇಕು ಅಂತಲೂ ಇಲ್ಲ, ನೋಡೋಕೆ ಹಾಗೆ ಕಂಡರೆ ಸಾಕು. ಈ ಕಾಯ್ದೆ ದೆಹಲಿಗೂ ಅನ್ವಯವಾಗಿತ್ತು; 2018ರಲ್ಲಿ ದೆಹಲಿ ಹೈಕೋರ್ಟ್ ತನ್ನ ವ್ಯಾಪ್ತಿಯಲ್ಲಿ ಇದರ ಹಲವು ಸೆಕ್ಷನ್‌ಗಳನ್ನು ರದ್ದು ಮಾಡಿತು, ಒಳ್ಳೆಯ ಕೆಲಸ.

ಕರ್ನಾಟಕದಲ್ಲೂ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನಮ್ಮ ಶಾಸಕರು ಅದನ್ನು ಮೊದಲಿಂದ ಕೊನೆವರೆಗೆ ಒಮ್ಮೆ ಓದಲಿ. ಬಡವನೊಬ್ಬ ಬೀದಿಯಲ್ಲಿ ನಡೆದಾಡುವುದನ್ನೇ ಅಪರಾಧ ಮಾಡುವ ಮಾತು ಎಲ್ಲಿದ್ದರೂ ಈ ಅಧಿವೇಶನದಲ್ಲೇ ತೆಗೆದುಹಾಕಲಿ.