ಹೊಸ ವಾರ್ಡ್‌ರೋಬಿನ ಘಾಟು

ಕೇಳುಗರಿಗೆ ನಮಸ್ಕಾರ.

ಮನೆ ರಿಪೇರಿ ಮುಗಿಯಿತು. ಆಚಾರಿ ಹೋದರು, ಪೇಂಟರೂ ಬಾಕಿ ದುಡ್ಡು ಎಣಿಸಿಕೊಂಡು ಹೋದರು. ವಾಸನೆ ಮಾತ್ರ ಹೋಗಲೊಲ್ಲದು. ಆಗ ನಾವು ಊದುಬತ್ತಿ ಹಚ್ಚುತ್ತೇವೆ, ಸಾಂಬ್ರಾಣಿ ಹಾಕುತ್ತೇವೆ. ಹೊಸ ವಾರ್ಡ್‌ರೋಬಿನೊಳಗೆ ನಾಲ್ಕು ನುಸಿಗುಳಿಗೆ ಬೇರೆ. ಇದರಿಂದ ಒಂದಿದ್ದ ವಾಸನೆ ಎರಡಾಗುತ್ತದೆ, ಅಷ್ಟೇ. ನುಸಿಗುಳಿಗೆಯ ಆವಿ ಮೈಗೂ ಒಳ್ಳೆಯದಲ್ಲ.

ಮೊದಲು ಮೂಲ ಹುಡುಕಬೇಕು. ಆದರೆ ಮನೆಯಲ್ಲೇ ಕೂತವರ ಮೂಗನ್ನು ನಂಬಬೇಡಿ. ಸ್ವಲ್ಪ ಹೊತ್ತಿನಲ್ಲೇ ಅದು ವಾಸನೆಗೆ ಒಗ್ಗಿಹೋಗುತ್ತದೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಕಿಟಕಿ ಮುಚ್ಚಿ ಹೋಗಿ. ಬಂದ ಕೂಡಲೇ ಒಂದೊಂದೇ ಕೋಣೆ, ಒಂದೊಂದೇ ಡ್ರಾಯರ್ ಮೂಸಿ ನೋಡಿ.

ಬಣ್ಣದ ವಾಸನೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗೋಡೆಯ ಎಮಲ್ಷನ್ ನೀರಿನಲ್ಲಿ ಕಲಸುವ ಬಣ್ಣ, ಬೇಗ ಆರುತ್ತದೆ. ಬಾಗಿಲು, ಗ್ರಿಲ್ಲಿಗೆ ಹೊಡೆದ ಎನಾಮಲ್ಲಿನ ಟರ್ಪೆಂಟೈನ್ ವಾಸನೆ ಇನ್ನಷ್ಟು ದಿನ ಇರುತ್ತದೆ. ಎದುರುಬದುರು ಕಿಟಕಿ ತೆರೆದಿಟ್ಟರೆ ಅದೂ ಹೋಗುತ್ತದೆ.

ತಿಂಗಳುಗಟ್ಟಲೆ ಕಾಡುವುದು ಮರದ ಕೆಲಸ. ಡ್ರಾಯರ್ ಎಳೆದ ಕೂಡಲೇ ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ, ಅಲ್ವಾ? ಅದು ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ಇರಬಹುದು. ಅಗ್ಗದ ಪ್ಲೈವುಡ್, ಮರದ ನಾರಿನ ಎಂಡಿಎಫ್, ಮರದ ಚೂರಿನ ಪಾರ್ಟಿಕಲ್ ಬೋರ್ಡುಗಳನ್ನು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಒತ್ತಿರುತ್ತಾರೆ. ಆ ಅಂಟು ನಿಧಾನವಾಗಿ ಅನಿಲ ಬಿಡುತ್ತಲೇ ಇರುತ್ತದೆ. ಇದು ಬರೀ ಕಿರಿಕಿರಿಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಾಗಂತ ಗಾಬರಿಬಿದ್ದು ವಾರ್ಡ್‌ರೋಬ್ ಕಿತ್ತು ಹಾಕಬೇಕಿಲ್ಲ. ದಿನ ಕಳೆದಂತೆ ಅನಿಲ ಕಡಿಮೆಯಾಗುತ್ತದೆ.

ಶಾಖ, ತೇವ ಎರಡೂ ಇದನ್ನು ಹೆಚ್ಚಿಸುತ್ತವೆ. ಚಳಿಗಾಲದಲ್ಲಿ ಹೋಯಿತು ಅಂದುಕೊಂಡ ಘಾಟು ಏಪ್ರಿಲ್ ಬಿಸಿಲಿಗೆ ಮತ್ತೆ ಬರುವುದು ಇದಕ್ಕೇ. ಆ ದಿನಗಳಲ್ಲಿ ಬಾಗಿಲು, ಡ್ರಾಯರ್ ಎಲ್ಲ ತೆರೆದಿಟ್ಟು, ಕಿಟಕಿಯಿಂದ ಹೊರಗೆ ಗಾಳಿ ತಳ್ಳುವಂತೆ ಟೇಬಲ್ ಫ್ಯಾನ್ ಇಡಿ. ಆಮೇಲೆ ಒಂದು ಟಾರ್ಚ್ ಹಿಡಿದು ಕಪಾಟಿನ ಹಿಂಬದಿ, ಶೆಲ್ಫಿನ ಅಡಿಭಾಗ ನೋಡಿ. ಕಣ್ಣಿಗೆ ಕಾಣುವ ಕಡೆ ಲ್ಯಾಮಿನೇಟ್ ಥಳಥಳ ಹೊಳೆಯುತ್ತದೆ, ಕಾಣದ ಕಡೆ ಹಲಗೆ ಬೋಳಾಗಿರುತ್ತದೆ. ಅನಿಲ ಹೊರಬರುವುದು ಅಲ್ಲಿಂದಲೇ. ಆಚಾರಿಯನ್ನು ಮತ್ತೆ ಕರೆಸಿ, ಆ ಬೋಳು ಜಾಗ, ಅಂಚುಗಳನ್ನೆಲ್ಲ ಪಟ್ಟಿ ಅಂಟಿಸಿ ಮುಚ್ಚಿಸಿ. ಇನ್ನೂ ಕೆಲಸ ಶುರುವಾಗದವರು ಅಂಗಡಿಯಲ್ಲಿ ಇ-ಝೀರೋ ಅಥವಾ ಇ-ಒನ್ ದರ್ಜೆಯ ಹಲಗೆ ಕೇಳಿ. ಅದರಲ್ಲಿ ಈ ಅನಿಲ ಕಡಿಮೆ.

ಗಾಳಿ ಶುದ್ಧ ಮಾಡುತ್ತದೆ ಅಂತ ಕುಂಡದ ಗಿಡ ಮಾರುವವರಿದ್ದಾರೆ. 1989ರಲ್ಲಿ ನಾಸಾ ನಡೆಸಿದ ಪ್ರಯೋಗವೇ ಅವರ ಆಧಾರ. ಅದು ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ ನಡೆದದ್ದು. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದವರ ಪ್ರಕಾರ, ಕಿಟಕಿಯ ಗಾಳಿ ಮಾಡುವ ಕೆಲಸಕ್ಕೆ ಒಂದೊಂದು ಚದರ ಮೀಟರಿಗೂ ಕಡಿಮೆ ಎಂದರೆ 10 ಗಿಡ ಬೇಕು. ಮಲಗುವುದೆಲ್ಲಿ? ಚಂದಕ್ಕೆ ಬೇಕಾದರೆ ಇಟ್ಟುಕೊಳ್ಳಿ.

ಇನ್ನು ಬಚ್ಚಲಿನ ಗಬ್ಬು ವಾಸನೆ. ಇದು ಹೊಸತನದ್ದಲ್ಲ, ನೀರು ಆರಿದ್ದು ಇಲ್ಲವೇ ಕೆಲಸದ ತಪ್ಪು. ಎಷ್ಟು ದಿನ ಕಾದರೂ ಹೋಗುವುದಿಲ್ಲ. ನೀರು ಹೋಗುವ ತೂತಿನ ಕೆಳಗೆ ಟ್ರ್ಯಾಪ್ ಅನ್ನುವ ಬಾಗಿದ ಭಾಗ ಇರುತ್ತದೆ. ಅದರಲ್ಲಿ ಸುಮಾರು 50 ಮಿಲಿಮೀಟರ್ ಆಳ ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿಯನ್ನು ತಡೆಯುವುದು ಆ ನೀರೇ. ಬಳಸದ ಬಚ್ಚಲಿನಲ್ಲಿ ಅದು ಆರಿಹೋಗುತ್ತದೆ. ಒಂದು ಚೊಂಬು ನೀರು ಸುರಿದು ನೋಡಿ. ಹೋಗಲಿಲ್ಲವೇ? ವಾಷ್ ಬೇಸಿನ್ ಕೆಳಗೆ ಬಗ್ಗಿ ನೋಡಿ. ಎಷ್ಟೋ ಮನೆಗಳಲ್ಲಿ ಪೈಪನ್ನು ಗೋಡೆಯ ತೂತಿಗೆ ಸುಮ್ನೆ ತೂರಿಸಿ ಬಿಟ್ಟಿರುತ್ತಾರೆ. ಸುತ್ತಲಿನ ಸಂದು ಮುಚ್ಚಿದರೆ ಕೆಲಸ ಮುಗಿಯಿತು.

ಗೋಡೆಯಿಂದ ಮುಗ್ಗಲು ವಾಸನೆ ಬಂದರೆ, ಒಂದು ಅಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮರುದಿನ ಹಾಳೆಯ ಒಳಗೆ ನೀರಹನಿ ಕಂಡರೆ ಗಾರೆ ಇನ್ನೂ ಆರಿಲ್ಲ, ಇಲ್ಲವೇ ಎಲ್ಲೋ ಪೈಪ್ ಸೋರುತ್ತಿದೆ. ಅದು ಸರಿಯಾಗುವ ತನಕ ಮತ್ತೆ ಬಣ್ಣ ಹೊಡೆಸಬೇಡಿ.

ಮನೆಯಲ್ಲಿ ಬಸುರಿ, ಎಳೆ ಮಗು, ಉಬ್ಬಸದವರು ಇದ್ದರೆ ಗೃಹಪ್ರವೇಶದ ದಿನವೇ ಅಲ್ಲಿ ಮಲಗಲು ಅವಸರ ಮಾಡಬೇಡಿ. ಮುಹೂರ್ತಕ್ಕೆ ಹಾಲು ಉಕ್ಕಿಸಿ, ಊಟ ಹಾಕಿಸಿ. ಅವರು ಕೆಲವು ವಾರ ಹಳೆ ಮನೆಯಲ್ಲೋ ಅಜ್ಜಿ ಮನೆಯಲ್ಲೋ ಇರಲಿ. ನಮಸ್ಕಾರ.